ಉಡಿಗೆ ಬಿದ್ದ ಪದಕ

ಎತ್ತು ಕೊಳ್ಳಲು ಬಂದವರಿಗೆ ನಾನು ಹೇಳುತ್ತಿದ್ದ ಮೊದಲ ಮಾತು ಇದು: ಹಲ್ಲು ಹಿಡಿದು ನೋಡುವುದಕ್ಕಿಂತ ಮುಂಚೆ ನಡೆಸಿ ನೋಡಿರಿ. ನಿಂತ ಎತ್ತಿಗೆ ಕೋಡು ಸವರಿ, ಎಣ್ಣೆ ಹಚ್ಚಿ, ಗೊಂಡೆ ಕಟ್ಟಿ ಯಾರು ಬೇಕಾದರೂ ಚೆಲುವು ತರಬಹುದು. ನಡೆಯುವಾಗ ಮಾತ್ರ ಅದು ತನ್ನ ಗುಣ ಬಿಟ್ಟುಕೊಡುತ್ತದೆ. ಈ ಒಂದು ಮಾತಿನ ಬಲದ ಮೇಲೆ ನಾನು ಬೈಲಹೊಂಗಲದ ದನದ ಪೇಟೆಯಲ್ಲಿ ದಲಾಲಿ ಮಾಡಿ, ಮುಂದೆ ಹತ್ತಿಯ ವ್ಯಾಪಾರಕ್ಕೆ ಇಳಿದು, ಯಾರ ಹಂಗೂ ಇಲ್ಲದೆ ಒಂದು ಅಂಗಡಿ ಹಾಕಿದೆ. ಅದೇ ಮಾತನ್ನು ನಾಟಕಕ್ಕೂ ಹಚ್ಚಲು ಹೋಗಿ ಒಂದು ಸಲ ಎಂಥ ಗೊಂದಲಕ್ಕೆ ಬಿದ್ದೆನೆಂದರೆ, ಇಷ್ಟು ವರ್ಷವಾದರೂ ಅದರ ತಲೆ ಯಾವುದು ಬಾಲ ಯಾವುದು ನನಗೆ ತಿಳಿದಿಲ್ಲ.

ರಾಮದುರ್ಗದ ಸಂಸ್ಥಾನ ವಿಲೀನವಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಸುಗ್ಗಿ ಮುಗಿದು ಜನರ ಕೈ ಬಿಡುವಾದ ಹೊತ್ತಿಗೆ ನಮ್ಮೂರಿಗೆ ಒಂದು ನಾಟಕ ಕಂಪನಿ ಬಂದು ತಗಡಿನ ಥೇಟರು ಹಾಕಿತು. ಇಲ್ಲಿಯ ಕ್ಯಾಂಪು ಮುಗಿದರೆ ಮುಂದೆ ಸವದತ್ತಿ, ಆಮೇಲೆ ರಾಮದುರ್ಗ. ನಾಟಕದ ಹುಚ್ಚು ಹಿಡಿದ ನಮ್ಮಂಥವರಿಗೆ ಕಂಪನಿಯ ಹಿಂದೆ ಊರೂರು ತಿರುಗುವುದೇ ಒಂದು ಉದ್ಯೋಗ. ಆಟ ನೋಡುವುದು ಅರ್ಧ ಸುಖ. ಮರುದಿನ ಮುಂಜಾನೆ ನನ್ನ ಅಂಗಡಿಯ ಮಗ್ಗುಲಿನ ಚಹಾದಂಗಡಿಯಲ್ಲಿ ಕೂತು ಅದನ್ನು ಹಿಂಜುವುದು ಉಳಿದರ್ಧ.

ಹಿಂಜುವವರಲ್ಲಿ ಮೂವರು ಮುಖ್ಯ. ಒಬ್ಬರು ಕಿತ್ತೂರಿನ ಮಾಸ್ತರು. ಪುರಾಣಿಕರ ಮನೆತನ, ಸಂಸ್ಕೃತ ಬಲ್ಲವರು. ಥೇಟರಿನಲ್ಲಿ ಮೊದಲ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿಬಿಡುತ್ತಿದ್ದರು. ಕೇಳಿದರೆ, "ನಾಟಕ ನೋಡೋದಲ್ಲಪಾ, ಕೇಳೋದು" ಎನ್ನುತ್ತಿದ್ದರು. ಇನ್ನೊಬ್ಬರು ರಾಮದುರ್ಗದ ಸೀರೆ ಅಂಗಡಿಯವರು. ಅವರಿಗೆ ರಂಗದ ಮೇಲೆ ಸೀರೆ, ಕುಪ್ಪಸ, ಅಂಚು, ಸೆರಗು ಬಿಟ್ಟು ಬೇರೆ ಏನೂ ಕಾಣಿಸುತ್ತಿರಲಿಲ್ಲ. ಮೂರನೆಯವರು ಚಚಡಿಯ ಕಡೆಯ ಒಬ್ಬ ಗೌಡರು, ನನ್ನ ಹಳೆಯ ಗಿರಾಕಿ. ದೊಡ್ಡ ಮೀಸೆ, ಸಣ್ಣ ಕರುಳು. ಪರದೆ ಏರಿದ ಕೂಡಲೇ ಅಳಲು ಸುರುಮಾಡಿ ಮಂಗಳ ಹಾಡುವ ತನಕ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸುತ್ತ ಕೂಡುವವರು. ನನ್ನ ಗುಣವನ್ನೂ ಹೇಳಿಬಿಡುತ್ತೇನೆ: ನಾನು ನಡಿಗೆ ನೋಡುತ್ತಿದ್ದೆ.

ಆ ಕಂಪನಿಯಲ್ಲಿ ನಾಯಿಕೆಯ ಪಾರ್ಟು ಮಾಡುವವರು ಒಬ್ಬ ಗಂಡಸು. ಹದಿನಾರರ ಹುಡುಗನಾಗಿದ್ದಾಗ ಉಟ್ಟ ಸೀರೆಯನ್ನು ನಲವತ್ತು ದಾಟಿದರೂ ಬಿಟ್ಟಿರಲಿಲ್ಲ. ಹಗಲು ಪೇಟೆಯಲ್ಲಿ ಧೋತರ ಉಟ್ಟು ಬೀಡಿ ಸೇದುತ್ತ ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಣ್ಣ ಹಚ್ಚಿ ನಿಂತರೆ ಹೆಣ್ಣುಮಕ್ಕಳ ಕಡೆಯಿಂದ "ಅಯ್ಯ ನಮ್ಮವ್ವಾ" ಎಂಬ ನಿಟ್ಟುಸಿರು ಬರುತ್ತಿತ್ತು. ಆದರೆ ಕಾಲ ಬದಲಾಗಿತ್ತು. ಎಲ್ಲ ಕಂಪನಿಗಳಲ್ಲೂ ಹೆಣ್ಣುಮಕ್ಕಳೇ ಬರಹತ್ತಿದ್ದರು. ಈ ಕಂಪನಿಯ ಮಾಲಕರೂ ಆ ವರ್ಷ ಒಬ್ಬ ಹೊಸ ನಟಿಯನ್ನು ಕರೆತಂದಿದ್ದರು. ಎತ್ತರದ ಆಳು, ಅಗಲ ಭುಜ, ಗಡುಸು ಕಂಠ. ಹಾಡಿದರೆ ತಗಡು ಗುಂಯ್ ಎನ್ನಬೇಕು. ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆಯ ನಾಟಕ ಒಂದೇ, ನಾಯಿಕೆ ಇಬ್ಬರು. ಒಂದು ದಿನ ಅವರು, ಒಂದು ದಿನ ಈಕೆ. ಜನ ಎರಡೂ ದಿನ ಟಿಕೀಟು ತೆಗೆಯಲಿ ಎಂಬುದು ಮಾಲಕರ ಹಂಚಿಕೆ. ವ್ಯಾಪಾರಿಯಾದ ನಾನು ಅದನ್ನು ಮೆಚ್ಚಿಕೊಂಡೆ.

ಚಹಾದಂಗಡಿಯಲ್ಲಿ ಮಾತ್ರ ಜಗಳ ಹತ್ತಿತು.

"ಸೀರಿ ಅನ್ನೂದು ಹೆಣ್ಣಿನ ಮೈಮ್ಯಾಲ ಕುಂತಂಗ ಗಂಡಸಿನ ಮೈಮ್ಯಾಲ ಕೂಡೂದಿಲ್ರಿ" ಎಂದರು ಸೀರೆ ಅಂಗಡಿಯವರು.

"ಸೀರಿ ಕೂಡತದೋ ನಿಲ್ಲತದೋ, ಸ್ವರ ಎಲ್ಲಿ ಅದ ಅದನ್ನ ಹೇಳ್ರಿ" ಎಂದರು ಮಾಸ್ತರು. "ಆ ಹಳಬರು ಒಂದು ಮಾತು ಆಡಿದರ ಪದಕ್ಕ ಪದ ಬಿಡಿಸಿ ಇಟ್ಟಂಗ ಇರತದ."

ಗೌಡರು ಮೇಜು ಗುದ್ದಿದರು. "ಹೆಣ್ಣಿನ ದುಃಖ ಹೆಣ್ಣಿಗೇ ಗೊತ್ರಿ ಮಾಸ್ತರ. ಗಂಡಸು ಎಷ್ಟ ಕುಣದ್ರೂ ಗಂಡಸ. ನಾ ಎರಡೂ ನೋಡೇನಿ. ಆ ಹೆಣ್ಣಮಗಳು ಅತ್ರ ನನ್ನ ಕರುಳು ಕಿತ್ತ ಬರತೈತಿ. ಆ ಗಂಡಸು ಬಂದು ನಿಂತ್ರ ಕುಸ್ತಿ ಆಡಾಕ ಬಂದಾನೇನೋ ಅನಸತೈತಿ."

ಗೌಡರ ಆ ಕೊನೆಯ ಮಾತು ನನ್ನ ಕಿವಿಗೆ ಸ್ವಲ್ಪ ಒರಟಾಗಿ ತಾಗಿತು. ಹಳೆಯ ನಟ ಸಣ್ಣ ಮೈಕಟ್ಟಿನವರು. ಕುಸ್ತಿಗೂ ಅವರಿಗೂ ಎಲ್ಲಿಯ ನಂಟು? ಆದರೆ ಗಿರಾಕಿಯ ಮಾತನ್ನು ನಡುವೆ ಕಡಿಯಬಾರದೆಂಬುದು ನನ್ನ ನೇಮ.

ಜಗಳ ಬೆಳೆದು ಬೆಳೆದು, ಊರಿನ ಅಭಿಮಾನಿಗಳೆಲ್ಲ ಕೂಡಿ ಒಂದು ಬೆಳ್ಳಿಯ ಪದಕ ಮಾಡಿಸಿ ಒಳ್ಳೆಯ ನಾಯಿಕೆಗೆ ಕೊಡುವುದೆಂದು ಆಯಿತು. ಇದನ್ನು ಕೇಳಿದ ಮಾಲಕರು ಥೇಟರಿನ ಬಾಗಿಲಲ್ಲೇ ನಿಂತು ಎಲ್ಲರ ಮುಂದೆ ಹೇಳಿದರು: "ನಿಮ್ಮ ಪದಕ ಯಾರಿಗೋ, ಮುಂದ ಸವದತ್ತಿ ಕ್ಯಾಂಪಿನಾಗ ನಾಯಿಕಿ ಪಾರ್ಟು ಅವರಿಗೆ. ನಾ ಇಬ್ಬರನ್ನ ಸಾಕೂದು ಆಗೂದಿಲ್ರಿ."

ಅಂದು ಮಧ್ಯಾಹ್ನ ಹಳೆಯ ನಟ ನನ್ನ ಅಂಗಡಿಗೆ ಬಂದರು. ಹತ್ತಿ ತುಂಬಿದ ಅಂಡಿಗೆಯ ಮೇಲೆ ಕೂತರು. ನಾನು ನೀರು ಕೊಟ್ಟೆ.

"ದಲಾಲರ, ಪದಕಾ ನನಗ ಕೊಡ್ರಿ ಅಂತ ಕೇಳಾಕ ಬಂದಿಲ್ರಿ" ಎಂದರು. "ಸಿಗದಿದ್ರ ಮಾಲಕರು ನನಗ ಅತ್ತೀ ಪಾರ್ಟು ಕೊಡತಾರಂತ. ನಾ ಸಾಲಿ ಕಲತಿಲ್ಲ, ಹೊಲಾ ಹೂಡಿಲ್ಲ. ನನಗ ಗೊತ್ತಿದ್ದದ್ದು ಅಂದ್ರ ಆ ಸೊಸೀಯಾಗಿ ಬಂದು ನಿಲ್ಲೂದೊಂದ. ಅದೂ ಹ್ವಾದ್ರ ನಾ ಯಾರು ಅಂತ ನನಗ ತಿಳೀವಲ್ದು. ಅಷ್ಟ ಹೇಳೂಣ ಅಂತ ಬಂದೆ."

ನಾನು ಉಪದೇಶ ಮಾಡುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ. ಆದರೆ ಅಂದು ಮಗ್ಗುಲಿನ ಅಂಗಡಿಯಿಂದ ಕಪ್ಪು ತರಿಸಿ, "ಚಹಾ ಕುಡೀರಿ" ಎಂದೆ.

ಪದಕದ ತೀರ್ಪು ಕೊಡುವವರು ಯಾರು? ಮಾಸ್ತರು, ಸೀರೆ ಅಂಗಡಿಯವರು, ಗೌಡರು ಈ ಮೂವರೇ ಎಂದು ಎಲ್ಲರೂ ಒಪ್ಪಿದರು. ಆದರೆ ಮೂವರೂ ಬಾಯಿಬಿಟ್ಟು ಹೇಳಲು ಒಲ್ಲೆ ಎಂದರು. ನಾಳೆ ಕಂಪನಿ ತಮ್ಮ ತಮ್ಮ ಊರ ಕಡೆ ಬರುವುದು; ಯಾರ ಎದುರಿಗೆ ಯಾರು ಕೆಟ್ಟವರಾಗಬೇಕು? ಆಗ ಹಂಚಿಕೆ ಹೇಳಿದವನು ನಾನೇ. ದನದ ಪೇಟೆಯಲ್ಲಿ ನಾವು ದರವನ್ನು ಬಾಯಿಂದ ಆಡುವುದಿಲ್ಲ. ಕೈಮೇಲೆ ವಲ್ಲಿ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತುತ್ತೇವೆ. ಹಿಡಿದವನಿಗೆ ಗೊತ್ತು, ಹಿಡಿಸಿಕೊಂಡವನಿಗೆ ಗೊತ್ತು, ಸುತ್ತ ನಿಂತ ಊರಿಗೆ ಗೊತ್ತಿಲ್ಲ. ಕೈ ಹೊರಗೆ ಬಂದ ಮೇಲೆ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನಿಗೆ ಪೇಟೆಯಲ್ಲಿ ಯಾರೂ ಎತ್ತು ತೋರಿಸುವುದಿಲ್ಲ.

"ಹಳಬರಿಗೆ ಒಂದು ಬೆರಳು, ಹೊಸಬರಿಗೆ ಎರಡು" ಎಂದು ನಾನು ಸಾರಿದೆ.

"ನಾನೇನು ಎತ್ತು ಮಾರಾಕ ಬಂದೇನೇನು?" ಎಂದು ಮಾಸ್ತರು ಗೊಣಗುತ್ತಲೇ ವಲ್ಲಿಯ ಕೆಳಗೆ ಕೈ ಹಾಕಿ, ಜನಿವಾರ ಹಿಡಿದಷ್ಟು ಮಡಿಯಿಂದ ನನ್ನ ಒಂದು ಬೆರಳನ್ನು ಮುಟ್ಟಿದರು. ಸೀರೆ ಅಂಗಡಿಯವರು ಬಟ್ಟೆಯ ಪೋತ, ನಯ ನೋಡುವಂತೆ ಎರಡು ಬೆರಳು ತಿಕ್ಕಿದರು. ಗೌಡರು ಎರಡು ಬೆರಳನ್ನು ಹಿಡಿದು ಒತ್ತಿದ ಬಿರುಸಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ತೀರ್ಪು ಆಯಿತು: ಪದಕ ಹೊಸಬಳಿಗೆ. ಹಳೆಯ ನಟ ಅಂಡಿಗೆಯ ಮೇಲೆ ಕೂತು ಆಡಿದ ಮಾತು ನನ್ನ ಎದೆಯಲ್ಲಿ ಕುಟ್ಟಿದರೂ ಬೆರಳು ಬೆರಳೇ. ಯಾರಿಗೂ ಹೇಳಲಿಲ್ಲ. ರಂಗದ ಮೇಲೆ ನಾನೇ ಸಾರಬೇಕೆಂದು ಗೊತ್ತುಮಾಡಿದ್ದರು.

ಪದಕ ಕೊಡುವುದು ಹೇಗೆ ಎಂಬುದೂ ಒಂದು ಪ್ರಶ್ನೆಯಾಯಿತು. ಗಂಡಸಿಗೆ ಬಂದರೆ ಸೀರೆ ಉಟ್ಟಿದ್ದರೂ ಸರಿ, ಮಾಸ್ತರು ಎದೆಗೆ ಚುಚ್ಚುವುದು. ಹೆಣ್ಣುಮಗಳಿಗೆ ಬಂದರೆ ಗಂಡಸರು ಹಾಗೆ ಚುಚ್ಚಲು ಬರುತ್ತದೆಯೆ? "ಹೆಣ್ಣಮಗಳಿಗಿ ಬಂದ್ರ ನಮ್ಮ ಗೌಡಶಾನಿ ಉಡಿ ತುಂಬತಾಳ. ಉಡಿಯೊಳಗ ಪದಕಾನೂ ಇಡತಾಳ" ಎಂದರು ಗೌಡರು. ತಮ್ಮ ಮನೆಯ ಹೆಂಗಸು ನಾಟಕದ ರಂಗದ ಮೇಲೆ ಏರುವುದನ್ನು ಒಪ್ಪಿದ ಗೌಡರ ದೊಡ್ಡತನಕ್ಕೆ ಎಲ್ಲರೂ ತಲೆದೂಗಿದರು.

ಪದಕ ಕೊಡುವ ದಿನ ಸಂಜೆ ಆಟಕ್ಕೆ ಮುಂಚೆ ಪರದೆ ಏರಿತು. ಪದಕ ಬಂದವರೇ ಅಂದಿನ ಆಟ ಮಾಡಬೇಕೆಂದು ಮಾಲಕರು ಇಬ್ಬರಿಗೂ ನಾಯಿಕೆಯ ಬಣ್ಣ ಹಚ್ಚಿಸಿ, ಒಂದೇ ಬಗೆಯ ಹಸಿರು ಸೀರೆ ಉಡಿಸಿ ನಿಲ್ಲಿಸಿದ್ದರು. ಒಂದು ಕಡೆ ಹಳಬರು, ಒಂದು ಕಡೆ ಹೊಸಬಳು. ನಡುವೆ ಗೌಡರು, ಅವರ ಹಿಂದೆ ತಲೆತುಂಬ ಸೆರಗು ಹೊದ್ದ ಗೌಡಶಾನಿ, ಕೈಯಲ್ಲಿ ತಟ್ಟೆ. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಿಕೆ, ಪದಕ.

ನಾನು ಗಂಟಲು ಸರಿಮಾಡಿಕೊಂಡು ಸಾರಿದೆ: "ಬೈಲಹೊಂಗಲದ ಅಭಿಮಾನಿಗಳ ಪದಕ ಹೊಸ ನಾಯಿಕೆಗೆ!"

ಚಪ್ಪಾಳೆ ಬಿತ್ತು. ಗೌಡರು ಹೆಂಡತಿಗೆ ಕಣ್ಸನ್ನೆ ಮಾಡಿ ಕೈ ತೋರಿಸಿದರು. ಗೌಡಶಾನಿ ತಟ್ಟೆ ಹಿಡಿದು ನಡೆದದ್ದು ಹೊಸಬಳ ಕಡೆಗಲ್ಲ. ನೆಟ್ಟಗೆ ಹಳೆಯ ನಟನ ಕಡೆಗೆ.

ಆ ಕ್ಷಣ ನನಗೆ ಗೌಡರ ಕುಸ್ತಿಯ ಮಾತು ಹೊಳೆಯಿತು. ಅವರು ಇಬ್ಬರನ್ನೂ ಅದಲು ಬದಲಾಗಿ ತಿಳಿದಿದ್ದರು! ಆ ಸಣ್ಣ ಮೈಯ, ಮೆಲುನಡಿಗೆಯ ಗಂಡಸನ್ನು ಹೊಸದಾಗಿ ಬಂದ ಹೆಣ್ಣೆಂದೂ, ಎತ್ತರದ, ಗಡುಸು ಕಂಠದ ಹೆಣ್ಣನ್ನು ಹಳೆಯ ಗಂಡಸೆಂದೂ ನಂಬಿದ್ದರು. ಎರಡು ಬೆರಳು ಒತ್ತಿದ್ದರು ನಿಜ. ಒತ್ತಿದ್ದು ಈ ನಟನಿಗಾಗಿ.

ನಾನು ಒಂದು ಹೆಜ್ಜೆ ಮುಂದಿಟ್ಟೆ, ನಿಂತೆ. ಏನೆಂದು ಹೇಳುವುದು? ಗೌಡರೇ, ನಿಮ್ಮ ಹೆಂಡತಿ ಗಂಡಸಿನ ಉಡಿ ತುಂಬಲು ಹೊರಟಿದ್ದಾರೆ ಎಂದೇ, ತುಂಬಿದ ಥೇಟರಿನ ಎದುರಿಗೆ? ಹಳೆಯ ನಟ ಹಿಂದೆ ಸರಿಯಬಹುದು ಎಂದುಕೊಂಡೆ. ಅವರು ಸರಿಯಲಿಲ್ಲ. ಗೌಡಶಾನಿಯ ಮುಖವನ್ನೊಮ್ಮೆ ನೋಡಿದರು. ಮೆಲ್ಲಗೆ ಸೆರಗು ಮುಂದೆ ತಂದು ಎರಡೂ ಕೈಯಿಂದ ಹಿಡಿದು ಒಡ್ಡಿದರು. ಆ ಕೈಗಳು ನಡುಗುತ್ತಿದ್ದವು. ಗೌಡಶಾನಿ ಕುಂಕುಮ ಹಚ್ಚಿ, ಅಕ್ಕಿ ಸುರಿದು, ಕಾಯಿ ಇಟ್ಟು, ಖಣ ಇಟ್ಟು, ಮೇಲೆ ಪದಕ ಇಟ್ಟರು. ಹೆಣ್ಣುಮಕ್ಕಳ ಕಡೆಯಿಂದ ಯಾರೋ ಸೋಬಾನದ ಒಂದು ನುಡಿ ಎತ್ತಿದರು. ಗೌಡರು ವಲ್ಲಿಯಿಂದ ಕಣ್ಣೊರೆಸಿಕೊಂಡರು. ಮಾಲಕರು ಪರದೆ ಇಳಿಸಿದರು.

ಪರದೆಯ ಹಿಂದೆ, ಗೌಡರು ಗೌಡಶಾನಿ ಇಳಿದುಹೋದ ಮೇಲೆ, ಮೊದಲು ಬಾಯಿಬಿಟ್ಟವಳು ಹೊಸಬಳು. "ಪದಕಾ ಇರವಲ್ದ್ಯಾಕ್ರಿ. ಮುಂದಿನ ಸಾಲಿನ್ಯಾಗ ಒಬ್ಬಾಂವ ನನ್ನ ನೋಡಿ 'ಆ ಗಂಡಸಿಗೆ ಸಿಗಲಿಲ್ಲ, ಪಾಪ' ಅಂದ್ನಲ್ರಿ! ನಾ ಎಲ್ಲಿ ಹೋಗಿ ಸಾಯಲಿ?"

ಮಾಲಕರು ನನ್ನ ಕಡೆ ತಿರುಗಿದರು. "ಹೇಳ್ರಿ ದಲಾಲರ, ಪದಕಾ ಯಾರದು? ಸಾರಿದ್ದು ಈಕಿ ಹೆಸರು, ಉಡಿ ತುಂಬಿದ್ದು ಅವರಿಗೆ."

ಇಂಥ ತಂಟೆ ಬಿಡಿಸುವುದೇ ನನ್ನ ಕಸಬು. ಒಂದು ಎತ್ತಿಗೆ ಇಬ್ಬರು ಮಾಲಕರು ನಿಂತಾಗ ಬಿಡಿಸಿದ್ದೇನೆ. ಆದರೆ ಇಲ್ಲಿ ಹಿಡಿಯಲು ಹಗ್ಗವೇ ಸಿಗಲಿಲ್ಲ. ಒತ್ತಿದ ಬೆರಳನ್ನು ತಿರುಗಿಸುವಂತಿಲ್ಲ. ಹಾಗಾದರೆ ಪದಕ ಹೊಸಬಳದು. ತುಂಬಿದ ಉಡಿಯನ್ನು ತಿರುಗಿ ಬೇಡುವಂತಿಲ್ಲ, ಅದು ಮಹಾ ಅಶುಭ. ಹಾಗಾದರೆ ಪದಕ ಹಳಬರದು. ಗೌಡರ ಬೆರಳನ್ನು ಎಣಿಸಬೇಕೋ, ಬೆರಳು ಒತ್ತಿದ ಮನಸ್ಸನ್ನು ಎಣಿಸಬೇಕೋ? ಗಂಡಸು ಹೆಣ್ಣಿನ ದುಃಖ ತೋರಿಸಲಾರ ಎಂದು ಮೇಜು ಗುದ್ದಿದವರು ಆ ಗಂಡಸನ್ನು ನೋಡಿಯೇ ಅತ್ತಿದ್ದರು. ಅವರ ಅಭಿಪ್ರಾಯ ಸೋತಿತೋ ಗೆದ್ದಿತೋ?

"ಉಡಿ ತುಂಬಿಸಿಕೊಂಡಾಕಿ ಬರಿಗೈಲೆ ಹೋಗಬಾರದು. ಇವತ್ತಿನ ಆಟ ಅವರ ಮಾಡಲಿ" ಎಂದಷ್ಟೇ ಹೇಳಿದೆ. 'ಆಕಿ' ಎಂದು ಬಾಯಿಂದ ಬಂದುಬಿಟ್ಟಿತ್ತು. ಯಾರೂ ತಿದ್ದಲಿಲ್ಲ.

ಅಂದು ಅವರು ಹೇಗೆ ಮಾಡಿದರು? ಕೇಳಬೇಡಿರಿ. ಉಳಿದವರು ಹಿಂದೆಂದೂ ಹಾಗೆ ಮಾಡಿರಲಿಲ್ಲ ಎಂದರು. ನಾನು ಅವರ ನಡಿಗೆಯನ್ನೇ ನೋಡುತ್ತ ಕೂತಿದ್ದೆ, ಅದು ಗಂಡಿನದೋ ಹೆಣ್ಣಿನದೋ ಎಂಬುದು ಗೊತ್ತಿದ್ದವನಿಗೇ ಗೊತ್ತಾಗದಂತಾಗಿ, ಕಥೆ ಎಲ್ಲಿಗೆ ಬಂತೆಂಬುದೇ ತಿಳಿಯಲಿಲ್ಲ.

ಮರುದಿನ ಗೌಡರ ಸವಾರಿ ಗಾಡಿ ನನ್ನ ಅಂಗಡಿಯ ಮುಂದೆ ನಿಂತಿತು. ಗೌಡರು ಹಿಂಡಿ ಕೊಳ್ಳಲು ಇಳಿದುಹೋದಾಗ ನಾನು ಗಾಡಿಯ ಹತ್ತಿರ ಹೋದೆ. ಒಳಗಿನಿಂದ ಗೌಡಶಾನಿಯೇ ಮಾತಾಡಿಸಿದರು.

"ಅಣ್ಣಾರ, ನಿನ್ನಿ ನಿಮ್ಮ ಮಾರಿ ಯಾಕ ಹಂಗ ಆಗಿತ್ರಿ?"

"ಏನಿಲ್ರಿ ತಾಯಿ, ಉಡಿ..."

"ಯಾರಿಗಿ ಸಲ್ಲಬೇಕಾಗಿತ್ತೋ ಅವರಿಗಿ ಸಂದೈತಿ. ನೀವು ಚಿಂತಿ ಮಾಡಬ್ಯಾಡ್ರಿ" ಎಂದು ಸೆರಗು ಮುಂದೆ ಎಳೆದುಕೊಂಡರು.

ಅವರಿಗಿ! 'ಅಂವಗ' ಎಂದಿದ್ದರೆ ಗೊತ್ತಿದ್ದೇ ತುಂಬಿದರು ಎನ್ನಬಹುದಿತ್ತು. 'ಆಕಿಗಿ' ಎಂದಿದ್ದರೆ ಗಂಡನ ಹಾಗೆಯೇ ಮೋಸಹೋದರು ಎನ್ನಬಹುದಿತ್ತು. ಮರ್ಯಾದೆಯ ಮಾತಿಗೆ ಗಂಡಿಲ್ಲ ಹೆಣ್ಣಿಲ್ಲ. ಬಿಡಿಸಿ ಕೇಳುವಷ್ಟರಲ್ಲಿ ಗೌಡರು ಬಂದರು.

ಚಹಾದಂಗಡಿ ಎರಡು ಪಾಲಾಯಿತು. ಸೀರೆ ಅಂಗಡಿಯವರು ಬೆರಳಿನ ಕಡೆ: "ವ್ಯವಹಾರ ಅಂದ್ರ ವ್ಯವಹಾರ. ಗಿರಾಕಿ ತಪ್ಪು ಸೀರಿ ಆರಿಸಿದ್ರ ಅಂಗಡಿಯಾಂವ ಏನ ಮಾಡಬೇಕು?" ಮಾಸ್ತರು ಉಡಿಯ ಕಡೆ: "ನಾ ಕಣ್ಣು ಮುಚ್ಚಿಕೊಂಡು ಹೇಳಿದ್ದನ್ನ ಗೌಡ್ರು ಕಣ್ಣು ತೆರಕೊಂಡು ಹೇಳ್ಯಾರ. ಇಬ್ಬರದೂ ಒಂದ ಅದ." ಆದರೆ ಗೌಡರು ಬಂದು ಕೂತರೆ ಎರಡೂ ಪಾಲು ಮಳೆಯ ಮಾತು, ಬೆಳೆಯ ಮಾತು. ಅವರಿಗೆ ನಿಜ ಹೇಳುವ ಎದೆ ಯಾರಿಗೂ ಇರಲಿಲ್ಲ. ಹೆಣ್ಣಿನ ಮೀಸಲನ್ನು ತಮ್ಮ ಮನೆಯಾಕೆ ಗಂಡಸಿಗೆ ಕೊಟ್ಟಳೆಂದು ಗೊತ್ತಾದರೆ ಆ ಮೀಸೆ ಎಲ್ಲಿಡಬೇಕು?

ಕಡೆಗೆ ಮಾಲಕರು ಪದಕ ಯಾರ ಪೆಟ್ಟಿಗೆಯಲ್ಲಿದೆಯೋ ಅವರಿಗೇ ಪಾರ್ಟು ಎಂದರು. ಹಳೆಯ ನಟ ಬದುಕಿದರು ಎಂದು ನಾನು ಸಮಾಧಾನಪಟ್ಟೆ. ಕಂಪನಿ ಹೊರಡುವ ಮುನ್ನಾ ದಿನ ಅವರು ಮತ್ತೆ ಅಂಗಡಿಗೆ ಬಂದರು. ಕಂಕುಳಲ್ಲಿ ಒಂದು ಗಂಟು.

"ದಲಾಲರ, ಈ ಉಡಿ ಅಕ್ಕಿ, ಕಾಯಿ ಏನ ಮಾಡಲ್ರಿ? ಉಡಿ ತುಂಬಿಸಿಕೊಂಡಾಕಿ ತಾನ ಉಣಬೇಕು ಅಂತಾರ. ಊರಾಗ ಹೆಂಡತಿ ಅದಾಳ, ಆಕಿಗಿ ಕಳಿಸಿದ್ರ ನಡೀತೈತೋ? ಇಲ್ಲಾ ತುಂಬಿದ್ದು ನನಗ, ನಾನ ಉಣಬೇಕೋ?"

ನಗಬೇಕೆನಿಸಿತು, ನಗಲಿಲ್ಲ. "ಇಬ್ಬರೂ ಕೂಡಿ ಉಣ್ರಿ" ಎಂದೆ. ನಾನು ಜೀವನದಲ್ಲಿ ಕೊಟ್ಟ ಸಲಹೆಗಳಲ್ಲಿ ಇದೊಂದು ಸರಿಯೋ ತಪ್ಪೋ ಯಾರನ್ನೂ ಕೇಳಿ ತಿಳಿದುಕೊಂಡಿಲ್ಲ.

ಸವದತ್ತಿಯ ಕ್ಯಾಂಪಿನಲ್ಲಿ ಅವರು ಸ್ವಲ್ಪ ದಿನ ನಾಯಿಕೆಯಾದರು. ಆಮೇಲೆ ಒಂದು ದಿನ ತಾವಾಗಿಯೇ ಹೋಗಿ ಮಾಲಕರ ಹತ್ತಿರ ಅತ್ತೆಯ ಪಾರ್ಟು ಕೇಳಿಕೊಂಡರೆಂದು ಸುದ್ದಿ ಬಂತು. ನನಗೆ ನಂಬಿಕೆ ಬರಲಿಲ್ಲ. ಕೈಗೆ ಬಂದ ಮಾಲನ್ನು, ಅದೂ ಅಷ್ಟು ತಂಟೆ ಮಾಡಿ ದಕ್ಕಿದ ಮಾಲನ್ನು, ಬುದ್ಧಿ ಇದ್ದವರು ಬಿಟ್ಟುಕೊಡುತ್ತಾರೆಯೆ? ಬಸ್ಸು ಹಿಡಿದು ಹೋದೆ. ಥೇಟರಿನ ಹಿಂದೆ ಬೇವಿನ ಗಿಡದ ಕೆಳಗೆ ಕೂತು ಬೀಡಿ ಸೇದುತ್ತಿದ್ದರು.

"ಯಾಕ್ರಿ ಹಿಂಗ ಮಾಡಿದ್ರಿ?" ಎಂದು ಗದರಿಸಿಯೇ ಕೇಳಿದೆ.

"ಮೊದಲ ಸೀರಿ ಅಂದ್ರ ನನಗ ಒಂದು ಬಟ್ಟಿ ಇತ್ರಿ" ಎಂದರು. "ಉಟ್ಟೆ, ಆಡಿದೆ, ಬಿಚ್ಚಿ ಗೂಟಕ್ಕ ಹಾಕಿದೆ. ಆ ತಾಯಿ ಉಡಿ ತುಂಬಿದ ಮ್ಯಾಲ ಸೆರಗ ಹಿಡಿಯೂಮುಂದ ಕೈ ನಡಗತಾವು. ಯಾರದೋ ಮನಿಯೊಳಗ ಹೇಳದ ಹೊಕ್ಕಂಗ ಆಗತೈತಿ. ಮುದುಕಿ ಪಾರ್ಟಿನ್ಯಾಗ ಕೈ ನಡಗಿದ್ರೂ ಚಲೋನ ಕಾಣತೈತಿ ನೋಡ್ರಿ."

ಅದು ನೋವೋ, ಗೆಲುವೋ, ನನ್ನನ್ನು ಸುಮ್ಮನಾಗಿಸಲು ಆಡಿದ ನಾಟಕದ ಮಾತೋ? ಎತ್ತಾಗಿದ್ದರೆ ನಡೆಸಿ ನೋಡುತ್ತಿದ್ದೆ.

ಅಂದಿನ ಆಟಕ್ಕೆ ಗೌಡರೂ ಬಂದಿದ್ದರು. ನನ್ನ ಮಗ್ಗುಲಲ್ಲೇ ಕೂತರು. ಪರದೆ ಏರಿತು. ಹಸಿರು ಸೀರೆಯ ಹೊಸಬಳು ಬಂದು ನಿಂತಳು. ಗೌಡರು ಹುಬ್ಬು ಗಂಟಿಕ್ಕಿದರು.

"ಇದೇನ್ರಿ ದಲಾಲರ? ಪದಕಾ ಆ ಹೆಣ್ಣಮಗಳಿಗಿ ಕೊಟ್ಟು, ನಾಯಿಕಿ ಮಾಡಾಕ ಈ ಗಂಡಸಿನ್ನ ನಿಲ್ಲಿಸ್ಯಾರಲ್ಲ! ಎಲ್ಲಿ ಹ್ವಾದ್ಲು ಆಕಿ?"

ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಂದಳು. ನರೆತ ತಲೆ, ಬಗ್ಗಿದ ಬೆನ್ನು. ಸೊಸೆಗೆ ಬೈಯಲು ಎತ್ತಿದ ಕೈ ನಡುವೆಯೇ ನಡುಗಿ, ಬೈಗುಳ ಗಂಟಲಲ್ಲೇ ಉಳಿದು, ಆ ಕೈ ಸೊಸೆಯ ತಲೆಯ ಮೇಲೆ ಇಳಿಯಿತು. ನಾಟಕದಲ್ಲಿ ಹಾಗೆ ಇರಲಿಲ್ಲ. ಹೊಸಬಳೂ ಅದಕ್ಕೆ ಸಿದ್ಧಳಿರಲಿಲ್ಲವೇನೋ. ಆ ಗಡುಸು ಕಂಠ ಮೊದಲ ಸಲ ಬಿರಿಯಿತು. ಹೆಣ್ಣುಮಕ್ಕಳ ಕಡೆ ಮೂಗೆಳೆಯುವ ಸಪ್ಪಳ. ಗೌಡರ ವಲ್ಲಿ ಕಣ್ಣಿಗೆ ಹೋಯಿತು.

"ದಲಾಲರ, ಈ ಮುದುಕಿ ಆಕಿ ತಾಯೇನ್ರಿ? ಮಾರಿ ಥೇಟ್ ಹಂಗ ಐತಿ."

ನನಗೆ ಬೇರೆ ದಾರಿ ಕಾಣಲಿಲ್ಲ. "ಇರಬಹುದ್ರಿ ಗೌಡ್ರ" ಎಂದೆ.

"ಮತ್ತ! ರಕ್ತದಾಗ ಬಂದದ್ದು ಎಲ್ಲಿ ಹೋಗತೈತಿ?" ಎಂದು ಮೂಗೊರೆಸಿಕೊಂಡು, ನಾಯಿಕೆಯ ಕಡೆ ಕೈ ಮಾಡಿದರು. "ಈ ಗಂಡಸೂ ಕಲತಾನ ನೋಡ್ರಿ, ಆ ತಾಯಿ ಕೈಯಾಗ ಬಿದ್ದ. ಮುಂದಿನ ಪದಕಾ ಇವಂಗ ಕೊಡೂಣು. ಇವನ ಎದೀಗೆ ಮಾತ್ರ ನೀವ ಚುಚ್ಚಬೇಕ್ರಿ ದಲಾಲರ, ಮಾಸ್ತರಿಗೆ ಕಣ್ಣ ಕಾಣೂದಿಲ್ಲ."

ನಾನು ಹೂಂ ಎಂದೆನೋ, ಬ್ಯಾಡ್ರಿ ಎಂದೆನೋ, ನೆನಪಿಲ್ಲ.